ಬಾಗಿ ಸಾಗುವ ಬೆಲ್ಟ್

ಹೆದ್ದಾರಿಯ ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ತುಸು ಎತ್ತರಿಸಿ ಕಟ್ಟುತ್ತಾರೆ. ರೈಲು ಹಳಿಗೂ ಇದೇ ನಿಯಮ. ವೇಗವಾಗಿ ಬಂದ ಗಾಡಿ ಹೊರಕ್ಕೆ ಎಸೆಯಲ್ಪಡದಿರಲಿ ಎಂಬ ಮುಂಜಾಗ್ರತೆ ಅದು. ಅದಿರನ್ನೋ ಸುಣ್ಣಕಲ್ಲನ್ನೋ ಹೊತ್ತು ಕಿಲೋಮೀಟರುಗಟ್ಟಲೆ ಓಡುವ ಕನ್ವೇಯರ್ ಬೆಲ್ಟಿನ ತಿರುವಿಗೆ ಹೋಗಿ ನೋಡಿದರೆ ಈ ನಿಯಮ ತಿರುವುಮುರುವಾಗಿರುತ್ತದೆ. ಅಲ್ಲಿ ಎತ್ತರಿಸಿರುವುದು ಒಳ ಅಂಚನ್ನು. ಬೆಲ್ಟು ಬಾಗುವ ಗುಟ್ಟೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ಬೆಲ್ಟ್ ತನ್ನಷ್ಟಕ್ಕೆ ತಾನು ಓಡುವ ಗಾಡಿಯಲ್ಲ. ಅದನ್ನು ತುದಿಯಲ್ಲಿರುವ ಪುಲ್ಲಿ ಎಳೆಯುತ್ತದೆ. ರಥಬೀದಿಯ ಮೂಲೆಯಲ್ಲಿ ತೇರಿನ ಮಿಣಿಯನ್ನು ಜನ ಜಗ್ಗಿದಾಗ ಅದು ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ನೆನೆದುಕೊಳ್ಳಿ. ಮೂಲೆಯ ಒಳಮಗ್ಗುಲಿಗೇ. ಬಿಗಿದ ಹಗ್ಗ ನೇರವಾಗಲು ಹವಣಿಸುತ್ತದೆ, ಬೆಲ್ಟ್ ಕೂಡ ಹಾಗೆಯೇ.

ಎಷ್ಟು ಬಲದಿಂದ ಒಳಕ್ಕೆ ಸರಿಯುತ್ತದೆ ಎಂಬ ಲೆಕ್ಕ ಬಹಳ ಸರಳ. ಎಳೆತವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರಾಯಿತು. ಬೆಲ್ಟಿನಲ್ಲಿ 10 ಟನ್ ತೂಕದಷ್ಟು ಎಳೆತವಿದೆ, ತಿರುವಿನ ತ್ರಿಜ್ಯ 1000 ಮೀಟರ್ ಎಂದುಕೊಳ್ಳೋಣ. ಆಗ ಬೆಲ್ಟಿನ ಪ್ರತಿ ಮೀಟರನ್ನೂ 10 ಕಿಲೋ ತೂಕದಷ್ಟು ಬಲ ಒಳಕ್ಕೆ ಸೆಳೆಯುತ್ತಿರುತ್ತದೆ. ಬೆಲ್ಟ್ ಮತ್ತು ಮೇಲಿನ ಸರಕು ಸೇರಿ ಮೀಟರಿಗೆ 100 ಕಿಲೋ ಇದ್ದು, ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ ಹೊರಕ್ಕೆ ಎಸೆಯುವ ಬಲ ಇನ್ನೂರು ಗ್ರಾಮಿನಷ್ಟೂ ಆಗುವುದಿಲ್ಲ. ಗಾಡಿಯ ಪಾಲಿಗೆ ಮುಖ್ಯವಾದ ಬಲ ಇಲ್ಲಿ ಲೆಕ್ಕಕ್ಕೇ ಇಲ್ಲ. ಆದ್ದರಿಂದಲೇ ಒಳ ಅಂಚನ್ನು ಎತ್ತುವುದು. ರೋಲರುಗಳ ಚೌಕಟ್ಟನ್ನು ಸುಮಾರು 6 ಡಿಗ್ರಿ ಓರೆ ಮಾಡಿದರೆ 100 ಕಿಲೋ ಭಾರದಲ್ಲಿ ಹತ್ತನೆಯ ಒಂದು ಪಾಲು ಹೊರಕ್ಕೆ ಜಾರಲು ನೋಡುತ್ತದೆ. ಒಳಕ್ಕೆ 10 ಕಿಲೋ, ಹೊರಕ್ಕೆ 10 ಕಿಲೋ. ಪಕ್ಕದಲ್ಲಿ ತಡೆಗೋಡೆಯಿಲ್ಲ, ಹಿಡಿದಿಡುವ ಕೊಕ್ಕೆಯಿಲ್ಲ. ಸರಕಿನ ಭಾರವೇ ಬೆಲ್ಟನ್ನು ದಾರಿಯಲ್ಲಿ ಇರಿಸುತ್ತದೆ. ಯಂತ್ರಶಾಸ್ತ್ರದಲ್ಲಿ ಇಷ್ಟು ಸೊಗಸಾದ ಪರಿಹಾರಗಳು ಹೆಚ್ಚಿಲ್ಲ ಎಂದೇ ನನ್ನ ಭಾವನೆ.

ಆದರೆ ಈ ಸಮತೋಲ ಒಂದು ಗಳಿಗೆಯದ್ದು. ಬೆಲ್ಟ್ ಸದಾ ತುಂಬಿಕೊಂಡೇ ಓಡುವುದಿಲ್ಲವಲ್ಲ! ಖಾಲಿ ಓಡುವಾಗ ಅದರ ತೂಕ ಮೀಟರಿಗೆ 25 ಕಿಲೋಗೆ ಇಳಿದು, ಎಳೆತ 5 ಟನ್ನಿಗೆ ಇಳಿಯಿತೆನ್ನಿ. ಆಗ ಒಳಕ್ಕೆ 5 ಕಿಲೋ, ಹೊರಕ್ಕೆ ಎರಡೂವರೆ ಕಿಲೋ. ಬೆಲ್ಟ್ ಒಳಕ್ಕೆ ಸರಿಯತೊಡಗುತ್ತದೆ. ಅದನ್ನು ಕಾಯುವುದು ಬೆಲ್ಟನ್ನು ಹೊರುವ ರೋಲರುಗಳಾದ ಐಡ್ಲರ್‌ಗಳ ಆಕಾರ. ಬೆಲ್ಟಿನಡಿ ಸಾಮಾನ್ಯವಾಗಿ ಮೂರು ರೋಲರುಗಳ ಜೋಡಣೆಯಿರುತ್ತದೆ: ನಡುವಿನದು ಮಲಗಿರುತ್ತದೆ, ಪಕ್ಕದ ಎರಡು 35ರಿಂದ 45 ಡಿಗ್ರಿ ಮೇಲೆದ್ದು ತೊಟ್ಟಿಯಂತೆ ಮಾಡುತ್ತವೆ. ಒಳಕ್ಕೆ ಸರಿದ ಬೆಲ್ಟ್ ಒಳಗಿನ ಪಕ್ಕದ ರೋಲರನ್ನು ಹತ್ತಬೇಕು. ಹತ್ತಿದಷ್ಟೂ ಅದರ ತೂಕ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಲ್ಲೋ ಒಂದು ಕಡೆ ಮತ್ತೆ ನೆಲೆಗೊಳ್ಳುತ್ತದೆ. ವಿನ್ಯಾಸಕಾರರು ತುಂಬಿದ ಬೆಲ್ಟ್, ಖಾಲಿ ಬೆಲ್ಟ್, ಅರ್ಧ ತುಂಬಿದ ಬೆಲ್ಟ್, ಶುರುವಾಗುವಾಗ, ನಿಲ್ಲುವಾಗ ಎಂದು ಒಂದೊಂದು ಸ್ಥಿತಿಗೂ ಬೆಲ್ಟ್ ಎಷ್ಟು ಸರಿಯುತ್ತದೆಂದು ಲೆಕ್ಕ ಹಾಕಿ, ಅಷ್ಟೂ ಸರಿದಾಟ ರೋಲರಿನ ಅಗಲದೊಳಗೇ ಮುಗಿಯುವಂತೆ ನೋಡಿಕೊಳ್ಳುತ್ತಾರೆ. ಮೋಟರನ್ನು ಒಮ್ಮೆಲೇ ಚಾಲೂ ಮಾಡಿದರೆ ಎಳೆತ ಜಿಗಿದು ಲೆಕ್ಕವೆಲ್ಲ ಕೆಡುತ್ತದೆ. ಉದ್ದದ ಬೆಲ್ಟುಗಳನ್ನು ನಿಮಿಷಗಟ್ಟಲೆ ಹೊತ್ತು ತೆಗೆದುಕೊಂಡು ನಿಧಾನವಾಗಿ ವೇಗಕ್ಕೆ ತರುವುದು ಈ ಕಾರಣಕ್ಕೂ ಹೌದು.

ತ್ರಿಜ್ಯವನ್ನು 200 ಮೀಟರಿಗೆ ಇಳಿಸಿದರೆ? ಒಳಸೆಳೆತ ಮೀಟರಿಗೆ 50 ಕಿಲೋಗೆ ಏರುತ್ತದೆ. ಅದನ್ನು ಸರಿದೂಗಿಸಲು ಬೆಲ್ಟನ್ನು 30 ಡಿಗ್ರಿ ಓರೆ ಮಾಡಬೇಕು, ಅಷ್ಟು ಓರೆಯಾದರೆ ಸರಕೇ ಉರುಳಿ ಹೋಗುತ್ತದೆ. ಇನ್ನೊಂದು ತೊಡಕು ಬೆಲ್ಟಿನ ಒಡಲಲ್ಲೇ ಇದೆ. ಒಂದು ಮೀಟರ್ ಅಗಲದ ಬೆಲ್ಟ್ 1000 ಮೀಟರ್ ತ್ರಿಜ್ಯದ ತಿರುವಿನಲ್ಲಿ 300 ಮೀಟರ್ ಸಾಗಿದರೆ, ಹೊರ ಅಂಚು ಒಳ ಅಂಚಿಗಿಂತ 30 ಸೆಂಟಿಮೀಟರ್ ಹೆಚ್ಚು ಉದ್ದದ ದಾರಿಯಲ್ಲಿರುತ್ತದೆ. ಆ ವ್ಯತ್ಯಾಸವನ್ನು ಹೊರ ಅಂಚು ಹಿಗ್ಗಿ ತುಂಬಿಕೊಳ್ಳಬೇಕು. ಬಟ್ಟೆಯ ಪದರಗಳ ಬೆಲ್ಟ್ ಹಿಗ್ಗೀತು. ಉಕ್ಕಿನ ಹುರಿ ಹೊಸೆದ ಬೆಲ್ಟ್ ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ, ಆದರೆ ದೂರದ ಸಾಗಣೆಗೆ ಬೇಕಾದ ಶಕ್ತಿಯಿರುವುದು ಅದಕ್ಕೇ. ಹೀಗಾಗಿ ದೊಡ್ಡ ಬೆಲ್ಟುಗಳ ತಿರುವುಗಳು ಬಹಳ ವಿಶಾಲ. ಕೆಳಗೆ ನಿಂತು ನೋಡಿದವರಿಗೆ ನೇರವಾಗಿಯೇ ಇದೆಯೇನೋ ಎನಿಸೀತು.

ಇಷ್ಟೆಲ್ಲ ಕಷ್ಟವೇಕೆ? ಬಾಗದ ಬೆಲ್ಟಿಗೆ ದಿಕ್ಕು ಬದಲಿಸಬೇಕೆಂದರೆ ಇರುವ ದಾರಿ ಒಂದೇ. ಒಂದು ಬೆಲ್ಟನ್ನು ಮುಗಿಸಿ, ಸರಕನ್ನು ಚ್ಯೂಟ್ ಎಂಬ ಇಳಿಜಾರು ದಾರಿಯಲ್ಲಿ ಕೆಳಕ್ಕೆ ಬೀಳಿಸಿ, ಇನ್ನೊಂದು ಬೆಲ್ಟಿಗೆ ದಾಟಿಸಬೇಕು. ಕಾರ್ಖಾನೆಗಳಲ್ಲಿ ಜಂಕ್ಷನ್ ಹೌಸ್ ಎನ್ನುವುದು ಹೀಗೆ ದಾಟಿಸುವ ಕಟ್ಟಡಕ್ಕೇ. ಪ್ರತಿಯೊಂದಕ್ಕೂ ಬೇರೆ ಮೋಟರ್, ಬೇರೆ ಪುಲ್ಲಿ. ಸರಕು ಬಿದ್ದಲ್ಲೆಲ್ಲ ಬೆಲ್ಟ್ ಸವೆಯುತ್ತದೆ, ಚ್ಯೂಟ್ ಕಟ್ಟಿಕೊಳ್ಳುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ದೂಳು ಏಳುತ್ತದೆ. ಆ ದೂಳಿನಲ್ಲಿ ಸಲಿಕೆ ಹಿಡಿದು, ಚೆಲ್ಲಿದ ಸರಕನ್ನು ಮತ್ತೆ ಬೆಲ್ಟಿಗೆ ಎತ್ತಿ ಹಾಕುವವರು ಹೆಚ್ಚಾಗಿ ಗುತ್ತಿಗೆ ಕಾರ್ಮಿಕರು. ಓಡುವ ಬೆಲ್ಟಿನ ಪಕ್ಕದ ಕೆಲಸ ಅದು, ಕೈ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಒಂದು ತಿರುವು ಒಂದು ಜಂಕ್ಷನ್ ಹೌಸನ್ನು ಇಲ್ಲವಾಗಿಸುತ್ತದೆ. ತಿರುವಿನ ಲಾಭವನ್ನು ವಿದ್ಯುತ್ ಬಿಲ್ಲಿನಲ್ಲಿ ಅಳೆಯುವ ಮೊದಲು ಆ ಜನರ ಶ್ವಾಸಕೋಶದಲ್ಲಿ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಬಾಗುವ ಬೆಲ್ಟಿಗೆ ಒಂದು ಉದಾಹರಣೆ ನೋಡಿ. ಮೇಘಾಲಯದ ಪೂರ್ವ ಖಾಸಿ ಬೆಟ್ಟಗಳ ನೋಂಗ್‌ತ್ರಾಯ್‌ನಲ್ಲಿ ಸುಣ್ಣಕಲ್ಲಿನ ಗಣಿಯಿದೆ. ಆ ಕಲ್ಲನ್ನು ಬಳಸುವ ಸಿಮೆಂಟ್ ಕಾರ್ಖಾನೆ ಇರುವುದು ಬಾಂಗ್ಲಾದೇಶದ ಛಾತಕ್‌ನಲ್ಲಿ. ಎರಡರ ನಡುವೆ ಸುಮಾರು 17 ಕಿಲೋಮೀಟರ್, ಭಾರತದ ನೆಲದಲ್ಲಿ 7, ಆಚೆ 10. ಬೆಟ್ಟವಿಳಿದು, ಗಡಿ ದಾಟಿ, ಮಳೆಗಾಲದಲ್ಲಿ ನೀರು ತುಂಬಿ ನಿಲ್ಲುವ ಬಯಲನ್ನು ಹಾಯ್ದು ಹೋಗುವ ಈ ದಾರಿಯುದ್ದಕ್ಕೂ ಒಂದೇ ಬೆಲ್ಟ್. ಅಕ್ಕಪಕ್ಕದ ತಿರುವು, ಮೇಲುಕೆಳಗಿನ ಬಾಗು ಎರಡಕ್ಕೂ ಒಗ್ಗುವಂತೆ ಅದರ ರೋಲರುಗಳನ್ನು ರೂಪಿಸಿದ್ದಾರೆ. ನೆರೆ ತಾಗದಿರಲೆಂದು ಕನ್ವೇಯರನ್ನು ನೆಲದಿಂದ ಎತ್ತರದಲ್ಲಿ ಕಟ್ಟಿದ್ದಾರೆ. ಗಂಟೆಗೆ 960 ಟನ್ ಸಾಗಿಸುವ ಸಾಮರ್ಥ್ಯ ಅದಕ್ಕಿದೆ. 20 ಟನ್ನಿನ ಲಾರಿಗಳಲ್ಲಿ ಅಷ್ಟನ್ನು ಸಾಗಿಸಲು ಹೊರಟರೆ ಹಗಲೂ ರಾತ್ರಿ 75 ಸೆಕೆಂಡಿಗೊಂದು ಲಾರಿ ಹೊರಡುತ್ತಿರಬೇಕು. ಮೋಟರುಗಳ ಒಟ್ಟು ಶಕ್ತಿ ಸುಮಾರು 1.8 ಮೆಗಾವ್ಯಾಟ್. ಅವು ಪೂರ್ತಿ ದುಡಿದರೂ, ಬೆಲ್ಟ್ ತುಂಬಿ ಓಡುವಾಗ ಒಂದು ಟನ್ ಕಲ್ಲನ್ನು ಆ ತುದಿಗೆ ಮುಟ್ಟಿಸಲು ಎರಡು ಯೂನಿಟ್ ವಿದ್ಯುತ್ ಬೇಕಾಗುವುದಿಲ್ಲ.

ಈ ಶಕ್ತಿಯನ್ನು ಒಂದೇ ಕಡೆ ಇಟ್ಟಿಲ್ಲ. ಎರಡು ಡ್ರೈವ್‌ಗಳು ಬಾಂಗ್ಲಾದೇಶದ ತುದಿಯಲ್ಲಿ, ಒಂದು ಮೇಘಾಲಯದ ತುದಿಯಲ್ಲಿ, ಮೂರೂ ಒಂದೇ ತಾಳಕ್ಕೆ ಓಡುತ್ತವೆ. ಎಳೆಯುವ ಕೆಲಸವನ್ನು ಹೀಗೆ ಹಂಚಿದಾಗ ಬೆಲ್ಟಿನ ಗರಿಷ್ಠ ಎಳೆತ ತಗ್ಗುತ್ತದೆ. ಎಳೆತ ತಗ್ಗಿದರೆ ಬಾಗುವುದು ಸುಲಭವೆಂದು ಮೇಲಿನ ಲೆಕ್ಕವೇ ಹೇಳುತ್ತದೆ.

ಒಂದೇ ಬೆಲ್ಟನ್ನು ನೆಚ್ಚಿಕೊಳ್ಳುವುದರ ಅಪಾಯವನ್ನೂ ಇದೇ ದಾರಿ ತೋರಿಸಿತು. ಅರಣ್ಯದ ಅನುಮತಿಯ ಪ್ರಶ್ನೆಯ ಮೇಲೆ 2010ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಗೆ ತಡೆ ಕೊಟ್ಟಿತು. 2011ರ ಜುಲೈನಲ್ಲಿ ತೀರ್ಪು ಬರುವವರೆಗೂ ಆ ಗಣಿಯಿಂದ ಕಲ್ಲು ಸಾಗಲಿಲ್ಲ. ಲಾರಿಯನ್ನಾದರೆ ಬೇರೊಂದು ಗಣಿಗೆ ಕಳಿಸಬಹುದು, ಬೆಲ್ಟನ್ನು ಕಳಿಸಲಾಗುವುದಿಲ್ಲ.

ಇನ್ನೂ ಬಿಗಿಯಾಗಿ ಬಾಗಬೇಕಾದಲ್ಲಿ ಬೇರೆಯೇ ಉಪಾಯವಿದೆ. 1970ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಬೆಳೆದ ಪೈಪ್ ಕನ್ವೇಯರಿನಲ್ಲಿ ಸರಕು ಬಿದ್ದ ಕೂಡಲೇ ಬೆಲ್ಟಿನ ಎರಡೂ ಅಂಚುಗಳನ್ನು ಮಡಿಸಿ, ಸುತ್ತ ಆರು ರೋಲರುಗಳ ನಡುವೆ ಕೊಳವೆಯಾಗಿ ಸಾಗಿಸುತ್ತಾರೆ. ಕೊಳವೆಗೆ ಎಡ, ಬಲ, ಮೇಲು, ಕೆಳಗು ಎಲ್ಲ ಒಂದೇ. ಸಾಮಾನ್ಯ ಅಂದಾಜಿನಂತೆ ಬಟ್ಟೆಯ ಬೆಲ್ಟಾದರೆ ಕೊಳವೆಯ ವ್ಯಾಸದ 300 ಪಟ್ಟು, ಉಕ್ಕಿನ ಹುರಿಯದಾದರೆ 600 ಪಟ್ಟು ತ್ರಿಜ್ಯ ಸಾಕು. 40 ಸೆಂಟಿಮೀಟರ್ ಕೊಳವೆಗೆ ಅದು 120 ಇಲ್ಲವೇ 240 ಮೀಟರ್ ಅಷ್ಟೇ. ಸರಕು ಒಳಗೆ ಮುಚ್ಚಿಕೊಂಡಿರುವುದರಿಂದ ದಾರಿಯಲ್ಲಿ ದೂಳಿಲ್ಲ, ಚೆಲ್ಲುವುದೂ ಇಲ್ಲ. ರೋಲರುಗಳು ಹೆಚ್ಚು, ಹಾಗಾಗಿ ವಿದ್ಯುತ್ತೂ ಹೆಚ್ಚು ಬೇಕು. ಬಳ್ಳಾರಿ ಸೀಮೆಯಲ್ಲಿ ಸಂಡೂರಿನ ಬಳಿಯ ನಂದಿಹಳ್ಳಿಯಿಂದ ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆಗೆ ಅದಿರು ಒಯ್ಯುವ ಸುಮಾರು 24 ಕಿಲೋಮೀಟರ್ ಉದ್ದದ ವ್ಯವಸ್ಥೆ ಈ ಬಗೆಯದ್ದು. ಅದಿರು ಲಾರಿಗಳ ಕೆಂದೂಳಿನಲ್ಲಿ ಹೊಲ, ಮರ, ಮನೆಯ ಗೋಡೆಗಳೆಲ್ಲ ಕೆಂಪಾದ ಕಾಲವನ್ನು ಕಂಡ ಆ ಸೀಮೆಗೆ, ಮುಚ್ಚಿದ ಕೊಳವೆಯಲ್ಲಿ ಅದಿರು ಹೋಗುವುದು ಸಣ್ಣ ಸಂಗತಿಯಲ್ಲ.

ಕಾರ್ಖಾನೆಯ ಆವರಣದೊಳಗೆ ಮಾತ್ರ ಕಥೆ ಬೇರೆ. ಅಲ್ಲಿ ಯಾರ್ಡಿನಿಂದ ಕುಲುಮೆಗೆ ಕೆಲವು ನೂರು ಮೀಟರುಗಳಲ್ಲೇ ನಾಲ್ಕಾರು ಕಡೆ ತಿರುಗಬೇಕು. ಸಾವಿರ ಮೀಟರ್ ತ್ರಿಜ್ಯಕ್ಕೆ ಜಾಗವೆಲ್ಲಿ? ಎಲ್ಲ ಕಡೆ ಕೊಳವೆ ಹಾಕುವುದೂ ಆಗದ ಮಾತು. ಅಲ್ಲಿ ಜಂಕ್ಷನ್ ಹೌಸ್‌ಗಳು ಉಳಿಯುತ್ತವೆ. ಉಳಿಯುವಲ್ಲಿ ಸರಕು ಬೀಳುವ ಎತ್ತರವನ್ನು ತಗ್ಗಿಸಬಹುದು. ಬೀಳುವ ದಿಕ್ಕನ್ನು ಮುಂದಿನ ಬೆಲ್ಟಿನ ಓಟಕ್ಕೆ ಹೊಂದಿಸುವಂತೆ ಚ್ಯೂಟನ್ನು ಬಾಗಿಸಬಹುದು. ಚ್ಯೂಟಿನ ಬಳಿ ಸರಕು ಚೆಲ್ಲದಂತೆ ತಡೆಯುವ ಸ್ಕರ್ಟ್ ರಬ್ಬರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ದೂಳು ಹೀರುವ ಯಂತ್ರವನ್ನು ಕೆಟ್ಟ ದಿನವೇ ರಿಪೇರಿ ಮಾಡಿಸಬಹುದು. ತುರ್ತಿನಲ್ಲಿ ಬೆಲ್ಟ್ ನಿಲ್ಲಿಸಲು ಇರುವ ಹಗ್ಗವಾದ ಪುಲ್ ಕಾರ್ಡ್ ಎಳೆದರೆ ಬೆಲ್ಟ್ ನಿಜಕ್ಕೂ ನಿಲ್ಲುತ್ತದೆಯೇ ಎಂದು ಆಗಾಗ ಎಳೆದೇ ನೋಡಬೇಕು. ಬೆಲ್ಟನ್ನು ಬಾಗಿಸಲು ಹಾಕುವಷ್ಟೇ ಲೆಕ್ಕ ಮತ್ತು ಹಣ, ಬಾಗದೆ ಉಳಿದ ಈ ಮೂಲೆಗಳಿಗೂ ಸಲ್ಲಬೇಕು.