ಹಸುವಿನ ಹೊಟ್ಟೆಯೊಳಗಿನ ಮುಯ್ಯಾಳುಗಳು



ರಾಗಿ ಹುಲ್ಲನ್ನು ನಾವು ನೀವು ತಿಂದರೆ ಅರಗುವುದಿಲ್ಲ. ಅದೇ ಹುಲ್ಲು ತಿಂದ ಹಸು ಹಾಲು ಕೊಡುತ್ತದೆ. ಹಾಗಾದರೆ ಹುಲ್ಲಿನ ನಾರನ್ನು ಒಡೆಯುವ ರಸ ಹಸುವಿನ ಮೈಯಲ್ಲಿ ಹುಟ್ಟುತ್ತದೆಯೇ ಅಂತ ಕೇಳೀರಿ. ಇಲ್ಲ. ಆ ಕೆಲಸ ಮಾಡುವವು ಅದರ ಮೊದಲನೆಯ ಹೊಟ್ಟೆಯಲ್ಲಿ, ಅಂದರೆ ಮೆಲುಕು ಚೀಲದಲ್ಲಿ, ವಾಸವಾಗಿರುವ ಸೂಕ್ಷ್ಮಜೀವಿಗಳು. ಆ ಚೀಲದ ರಸದ ಒಂದೇ ಮಿಲಿಲೀಟರಿನಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಗಳಿರುತ್ತವೆ. ಇವುಗಳನ್ನು ಗಾಳಿ ತಾಗದಂತೆ ಬೆಳೆಸಿ ನೋಡುವ ವಿಧಾನವನ್ನು ರೂಪಿಸಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಹಂಗೇಟ್ ಅವರು 1966ರಲ್ಲಿ ಈ ವಿಷಯವಾಗಿಯೇ ಒಂದು ಗ್ರಂಥ ಪ್ರಕಟಿಸಿದರು.

ನಾರು ಎಂದರೇನು? ಸಕ್ಕರೆಯ ಕಣಗಳನ್ನೇ ಸರಪಳಿಯಂತೆ ಬಿಗಿಯಾಗಿ ಹೆಣೆದ ವಸ್ತು. ಅದಕ್ಕೆ ಸೆಲ್ಯುಲೋಸ್ ಎಂದು ಹೆಸರು. ಈ ಸರಪಳಿ ಕಡಿಯುವ ವಿದ್ಯೆ ಎಲ್ಲ ಬ್ಯಾಕ್ಟೀರಿಯಗಳಿಗೂ ಬರುವುದಿಲ್ಲ. ಫೈಬ್ರೋಬ್ಯಾಕ್ಟರ್, ರುಮಿನೋಕಾಕಸ್ ಮುಂತಾದ ಕೆಲವು ಜಾತಿಗಳು ಹುಲ್ಲಿನ ಚೂರಿಗೆ ಅಂಟಿಕೊಂಡು ಕಡಿಯುತ್ತವೆ. ಕಡಿದದ್ದೆಲ್ಲ ಅವುಗಳ ಬಾಯಿಗೇ ಹೋಗುವುದಿಲ್ಲ. ಒಂದಷ್ಟು ತುಂಡು ರಸದಲ್ಲಿ ತೇಲಿಹೋಗುತ್ತದೆ. ಸೆಲೆನೋಮೊನಾಸ್ ಎಂಬ ಜಾತಿಗೆ ನಾರು ಕಡಿಯಲು ಬಾರದು. ಅದು ಹೀಗೆ ತೇಲಿಬಂದ ತುಂಡು ತಿಂದು ಬದುಕುತ್ತದೆ.

ಇದು ಬಿಟ್ಟಿ ಊಟವೇನಲ್ಲ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ ಅಲ್ಲಿಯೂ ಉಂಟು. ಫೈಬ್ರೋಬ್ಯಾಕ್ಟರ್ ಹೊರಹಾಕಿದ ಸಕ್ಸಿನಿಕ್ ಆಮ್ಲವನ್ನು ಸೆಲೆನೋಮೊನಾಸ್ ತೆಗೆದುಕೊಂಡು ಪ್ರೊಪಿಯೋನಿಕ್ ಆಮ್ಲ ಮಾಡುತ್ತದೆ. ಅದು ಹಸುವಿನ ರಕ್ತ ಸೇರಿ, ಈಲಿಯಲ್ಲಿ ಸಕ್ಕರೆಯಾಗಿ, ಕೆಚ್ಚಲಿನಲ್ಲಿ ಹಾಲಿನ ಸಿಹಿಯಾಗುತ್ತದೆ. ಸಸಾರಜನಕವನ್ನು ಒಡೆಯುವ ಮತ್ತೆ ಕೆಲವು ಜಾತಿಗಳು ಬಿಡುವ ಆಮ್ಲಗಳಿಲ್ಲದಿದ್ದರೆ ನಾರು ಕಡಿಯುವವು ಚೆನ್ನಾಗಿ ಬೆಳೆಯವು. ಒಬ್ಬರ ಎಂಜಲು ಇನ್ನೊಬ್ಬರ ಊಟ ಅಂದರೂ ಸರಿಯೇ.

ಈ ಸಂಸಾರ ಕೆಟ್ಟರೆ ಹಸು ಕೆಟ್ಟಂತೆಯೇ. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಪಾಯಸ ಚೆಲ್ಲುವುದೇಕೆ ಅಂತ ಬುಟ್ಟಿಗಟ್ಟಲೆ ಹಸುವಿನ ಮುಂದೆ ಸುರಿಯುತ್ತೇವಲ್ಲ, ಅದು ಬಹಳ ಅಪಾಯ. ಅನ್ನ ಬೇಗ ಒಡೆಯುತ್ತದೆ. ಹುಳಿ ಮಾಡುವ ಬ್ಯಾಕ್ಟೀರಿಯಗಳು ಒಮ್ಮೆಲೇ ಹೆಚ್ಚಿ ಚೀಲದ ತುಂಬ ಲ್ಯಾಕ್ಟಿಕ್ ಆಮ್ಲ ಕಟ್ಟುತ್ತದೆ. ಹುಳಿ ಏರಿದರೆ ನಾರು ಕಡಿಯುವವು ಕೆಲಸ ನಿಲ್ಲಿಸುತ್ತವೆ. ಹಸು ಮೇವು, ಮೆಲುಕು ಬಿಟ್ಟು, ನೀರಾಗಿ ಭೇದಿ ಮಾಡಿ, ಮಲಗಿಬಿಡುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೂ ಹೋದೀತು. ಇಂಥ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿರಿ. ಬೆಳಗಾಗಲಿ ನೋಡೋಣ ಅನ್ನಬೇಡಿ.

ಇನ್ನು ದಿನನಿತ್ಯದ ಮಾತು. ಮೇವು ಬದಲಿಸುವಾಗ ಒಂದೇ ದಿನ ಬದಲಿಸಬೇಡಿ. 10–15 ದಿನಗಳಲ್ಲಿ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಿರಿ; ಆಗ ಬ್ಯಾಕ್ಟೀರಿಯಗಳೂ ಹೊಂದಿಕೊಳ್ಳುತ್ತವೆ. ದಾಣಿಯನ್ನು ಒಮ್ಮೆಗೇ ಹಾಕದೆ ಎರಡು ಮೂರು ಹೊತ್ತು ಹಂಚಿ ಕೊಡಿ. ಹುಲ್ಲು ಕಡಿಮೆ ಮಾಡಿ ದಾಣಿ ಹೆಚ್ಚಿಸಿದರೆ ಹಾಲು ಹೆಚ್ಚೀತು ಎಂಬ ಆಸೆ ಬೇಡ. ನಾರು ಕಡಿಮೆಯಾದರೆ ಹಾಲಿನ ಜಿಡ್ಡೂ ಇಳಿಯುತ್ತದೆ. ಬರೀ ಒಣ ಹುಲ್ಲಿನಲ್ಲಿ ಸಾರಜನಕ ಸಾಲದು. ಅದರ ಜೊತೆಗೆ ಅಲಸಂದೆ, ಕುದುರೆಮೆಂತೆಯಂಥ ಹಸಿರು ಮೇವನ್ನೋ, ಸ್ವಲ್ಪ ಹಿಂಡಿಯನ್ನೋ ಕೊಟ್ಟರೆ ಬ್ಯಾಕ್ಟೀರಿಯಗಳು ಬಲಿತು ಅದೇ ಹುಲ್ಲಿನಿಂದ ಹೆಚ್ಚು ಸತ್ವ ತೆಗೆಯುತ್ತವೆ.

ಗೋದಲೆಗೆ ಹಾಕುವ ಮೇವು ಮೊದಲು ಉಣಿಸುವುದು ಈ ಕಾಣದ ಆಳುಗಳನ್ನು. ಅವುಗಳ ಹೊಟ್ಟೆ ತುಂಬಿದರೆ ಹಸುವಿನ ಹೊಟ್ಟೆ ತುಂಬೀತು, ನಮ್ಮ ಚೊಂಬೂ ತುಂಬೀತು.