ಗ್ರಾಚ್ಯುಟಿ ಲೆಕ್ಕ: ಕಂಪ್ಯೂಟರ್‌ಗೆ ನಿಯಮ ಬರೆದುಕೊಡುವುದು ಹೇಗೆ?

ದುಬೈ: ಕೊಲ್ಲಿ ನಾಡಿನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳುವವರ ಕೈಗೆ ಕೊನೆಯಲ್ಲಿ ಸಿಗುವ ದೊಡ್ಡ ಮೊತ್ತ ಗ್ರಾಚ್ಯುಟಿ. ಮಗಳ ಮದುವೆ, ಮನೆಯ ಸಾಲ, ಊರಲ್ಲೊಂದು ಅಂಗಡಿ, ಹೀಗೆ ಎಷ್ಟೋ ಯೋಜನೆಗಳು ಇದನ್ನೇ ನಂಬಿಕೊಂಡಿರುತ್ತವೆ. ಅನೇಕ ಕಂಪನಿಗಳಲ್ಲಿ ಈ ಲೆಕ್ಕ ಹಾಕುವುದು ಸಾಫ್ಟ್‌ವೇರ್. ಅದಕ್ಕೆ ಕಾನೂನು ಗೊತ್ತಿಲ್ಲ. ನಮ್ಮಂಥ ಅಕೌಂಟೆಂಟ್‌ಗಳು ಬರೆದುಕೊಟ್ಟ ನಿಯಮವಷ್ಟೇ ಗೊತ್ತು.

ಹೊಸ ಪೇರೋಲ್ ಸಾಫ್ಟ್‌ವೇರ್ ಮಾಡಿಸುವಾಗ ನಾವು ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸುತ್ತೇವೆ. 'ಗ್ರಾಚ್ಯುಟಿ ಚೀಟಿ ಪ್ರಿಂಟ್ ಆಗಬೇಕು' ಎನ್ನುವುದು ಸಾಫ್ಟ್‌ವೇರ್‌ನಿಂದ ನಮಗೆ ಬೇಕಾದ ಕೆಲಸ. 'ಒಂದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಉಂಟು' ಎನ್ನುವುದು ವ್ಯವಹಾರದ ನಿಯಮ, ಅಂದರೆ ಬಿಸಿನೆಸ್ ರೂಲ್. ಕಂಪ್ಯೂಟರ್ ಇಲ್ಲದೆ ಪುಸ್ತಕದಲ್ಲಿ ಲೆಕ್ಕ ಬರೆದರೂ ಅದು ಬದಲಾಗದು.

ಯುಎಇಯ 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರುವರಿ 2ರಂದು ಜಾರಿಗೆ ಬಂತು. ಅದರಂತೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನಗಳ ಬೇಸಿಕ್ ಸಂಬಳ. ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳದ್ದು. ಒಟ್ಟು ಮೊತ್ತ ಎರಡು ವರ್ಷದ ಸಂಬಳ ಮೀರುವಂತಿಲ್ಲ. ಸಂಬಳವಿಲ್ಲದೆ ಗೈರಾದ ದಿನಗಳು ಸೇವೆಗೆ ಸೇರುವುದಿಲ್ಲ. ಮನೆಗೆಲಸದವರಿಗೆ ಬೇರೆ ಕಾನೂನಿದೆ.

ಓದಲು ಸುಲಭ, ಪ್ರೋಗ್ರಾಂ ಬರೆಯುವವನಿಗೆ ಇಷ್ಟು ಸಾಲದು. 'ಸಂಬಳ' ಎಂದಷ್ಟೇ ಬರೆದರೆ ಯಾವ ಸಂಬಳ? ಒಟ್ಟು 5,000 ದಿರ್ಹಮ್ ಸಂಬಳದಲ್ಲಿ ಬೇಸಿಕ್ 3,000 ಇದ್ದರೆ, ಲೆಕ್ಕಕ್ಕೆ ಬರುವುದು ಕೊನೆಯದಾಗಿ ಪಡೆದ ಆ 3,000 ಮಾತ್ರ. ಇನ್ನು 'ಒಂದು ದಿನದ ಸಂಬಳ'. ತಿಂಗಳ ಬೇಸಿಕ್ಕನ್ನು 30ರಿಂದ ಭಾಗಿಸಿದರೆ 100 ದಿರ್ಹಮ್. ವರ್ಷದ ಮೊತ್ತವನ್ನು 365ರಿಂದ ಭಾಗಿಸಿದರೆ 98.63. ಏಳು ವರ್ಷ ದುಡಿದವರಿಗೆ 165 ದಿನಗಳ ಲೆಕ್ಕ. ಮೊದಲ ರೀತಿಯಲ್ಲಿ 16,500, ಎರಡನೆಯದರಲ್ಲಿ ಸುಮಾರು 16,274. ಯಾವುದೆಂದು ಬರೆಯದೇ ಬಿಟ್ಟರೆ ಪ್ರೋಗ್ರಾಂ ಬರೆಯುವವನೇ ತೀರ್ಮಾನಿಸುತ್ತಾನೆ.

ದಿನಾಂಕವೂ ನಿಯಮದ ಭಾಗವೇ. 1980ರ ಹಳೇ ಕಾನೂನಿನಲ್ಲಿ, ಅವಧಿ ಗೊತ್ತುಪಡಿಸದ ಕರಾರಿನಲ್ಲಿದ್ದವರು ಮೂರರಿಂದ ಐದು ವರ್ಷದೊಳಗೆ ತಾವಾಗಿ ಕೆಲಸ ಬಿಟ್ಟರೆ ಮೂರನೇ ಎರಡು ಪಾಲು ಮಾತ್ರ ಸಿಗುತ್ತಿತ್ತು. ಹೊಸ ಕಾನೂನಿನಲ್ಲಿ ಆ ಕಡಿತವಿಲ್ಲ. ಹಳೇ ಸೂತ್ರ ಸಾಫ್ಟ್‌ವೇರ್‌ನಲ್ಲೇ ಉಳಿದರೆ, ಈಗ ನಾಲ್ಕು ವರ್ಷಕ್ಕೆ ರಾಜೀನಾಮೆ ಕೊಡುವವರಿಗೆ 8,400ರ ಬದಲು 5,600 ಬರುತ್ತದೆ. 2,800 ದಿರ್ಹಮ್ ಖೋತಾ!

ಅದಕ್ಕೇ ನಾವು ಒಂದು ಶಿಸ್ತು ಇಟ್ಟುಕೊಂಡಿದ್ದೇವೆ. ಮೊದಲು 'ಬೇಸಿಕ್', 'ಸೇವಾ ದಿನ' ಮುಂತಾದ ಪದಗಳ ಅರ್ಥ ಬರೆಯುವುದು. ಒಂದು ವಾಕ್ಯಕ್ಕೆ ಒಂದೇ ನಿಯಮ, ಅದಕ್ಕೊಂದು ನಂಬರ್. ಅದು ಕಾನೂನಿನದೋ ಕಂಪನಿಯದೋ, ಎಂದಿನಿಂದ ಜಾರಿ ಎಂಬ ಉಲ್ಲೇಖ. 'ಸಾಮಾನ್ಯವಾಗಿ', 'ಅಗತ್ಯವಿದ್ದರೆ' ಎಂಬ ಮಾತುಗಳಿಗೆ ಜಾಗವಿಲ್ಲ. ಕೊನೆಗೆ ಕೈಯಲ್ಲೇ ಲೆಕ್ಕ ಮಾಡಿದ ಉದಾಹರಣೆಗಳು: ಒಂದು ವರ್ಷಕ್ಕೆ ಒಂದು ದಿನ ಕಡಿಮೆ ಇದ್ದವರು, ಸರಿಯಾಗಿ ಐದು ವರ್ಷ ಮುಗಿಸಿದವರು, ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿದವರು. ತಪ್ಪು ನುಸುಳುವುದು ಇಂಥ ಅಂಚಿನಲ್ಲೇ.

ಊರಿನಲ್ಲಿರುವ ಮನೆಯವರಿಗೂ ಇದರಿಂದ ಉಪಯೋಗವಿದೆ. ಅಲ್ಲಿ ದುಡಿಯುವವರ ಕರಾರಿನ ಪ್ರತಿ, ಬೇಸಿಕ್ ಎಷ್ಟೆಂಬ ದಾಖಲೆ, ಸೇರಿದ ದಿನಾಂಕ, ಸಂಬಳವಿಲ್ಲದ ರಜೆಯ ವಿವರ, ಈ ನಾಲ್ಕು ನಿಮ್ಮ ಬಳಿಯೂ ಒಂದು ಫೈಲಿನಲ್ಲಿರಲಿ. ಕರಾರು ಮುಗಿದ 14 ದಿನದೊಳಗೆ ಬಾಕಿಯೆಲ್ಲ ಪಾವತಿಯಾಗಬೇಕು. ಚೀಟಿ ಬಂದಾಗ ಮೊತ್ತವನ್ನಷ್ಟೇ ನೋಡಬೇಡಿ, ಎಷ್ಟು ದಿನಕ್ಕೆ, ದಿನಕ್ಕೆ ಎಷ್ಟರಂತೆ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಅದು ಬೆವರಿನ ದುಡ್ಡು.