ಒಂದು ಬೈಟಿನ ಉತ್ತರ ಮತ್ತು ಒಂದು ಟಿಪ್ಪಣಿ

ವಿಜಯನಗರದ ಮನೆಯಲ್ಲಿ ಕುಳಿತ ಅಧ್ಯಾಪಕರೊಬ್ಬರು ಕೆಂಗೇರಿಯ ಕಾಲೇಜಿನ ಸರ್ವರ್‌ಗೆ ವಿದ್ಯಾರ್ಥಿಗಳ ಅಂಕಗಳನ್ನು ಕಳುಹಿಸುತ್ತಿದ್ದಾರೆ ಎಂದುಕೊಳ್ಳೋಣ. ಸರ್ವರ್‌ನಲ್ಲಿರುವುದು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶ. ದಾರಿಯಲ್ಲಿ ಯಾರೂ ಓದದಂತೆ, ತಿದ್ದದಂತೆ ಅಂಕಗಳು ಗೂಢಲಿಪಿಯಲ್ಲಿ ಹೋಗಬೇಕು. ಆದರೆ ‘ಗೂಢಲಿಪಿ ಬಳಸೋಣವೆ?’ ಎಂಬ ಮೊದಲ ಮಾತು ಯಾವ ಲಿಪಿಯಲ್ಲಿರುತ್ತದೆ?

ಅದು ಬಯಲು ಮಾತೇ. ಅಧ್ಯಾಪಕರ ಗಣಕವು 8 ಬೈಟ್‌ಗಳ ಕೋರಿಕೆ ಕಳುಹಿಸುತ್ತದೆ. ಮೊದಲ 4 ಬೈಟ್‌ಗಳಲ್ಲಿ ಸಂದೇಶದ ಉದ್ದ, ಉಳಿದ 4ರಲ್ಲಿ 80877103 ಎಂಬ ಸಂಖ್ಯೆ. 1234ನ್ನು 65536ರಿಂದ ಗುಣಿಸಿ 5679 ಕೂಡಿಸಿದರೆ ಇದು ಬರುತ್ತದೆ. ಸಾಮಾನ್ಯ ಕೋರಿಕೆಯಲ್ಲಿ ಇದೇ ಜಾಗದಲ್ಲಿ ಸಂವಹನ ನಿಯಮಾವಳಿಯ ಆವೃತ್ತಿ ಸಂಖ್ಯೆ ಇರುತ್ತದೆ (3.0 ಆವೃತ್ತಿಗೆ 196608). ಅದರೊಡನೆ ಗೊಂದಲವಾಗದಿರಲೆಂದು ಇಂಥ ವಿಚಿತ್ರ ಸಂಖ್ಯೆ! ಸರ್ವರ್ ಒಂದೇ ಬೈಟಿನಲ್ಲಿ ಉತ್ತರಿಸುತ್ತದೆ: ‘ಎಸ್’ ಎಂದರೆ ಆಗಬಹುದು, ‘ಎನ್’ ಎಂದರೆ ಇಲ್ಲ. ‘ಎಸ್’ ಬಂದರೆ ಟಿಎಲ್‌ಎಸ್ ವಿಧಾನದಿಂದ ಕೀಲಿಗಳು ನಿಗದಿಯಾಗಿ ಮುಂದಿನದೆಲ್ಲ ಗೂಢವಾಗುತ್ತದೆ.

2021ರಲ್ಲಿ ಇಲ್ಲೊಂದು ದೋಷ ಬೆಳಕಿಗೆ ಬಂದಿತು. ನಡುದಾರಿಯಲ್ಲಿ ಕುಳಿತ ವಂಚಕನು ಆ 8 ಬೈಟ್‌ಗಳ ಹಿಂದೆಯೇ ತನ್ನ ಆಜ್ಞೆಯನ್ನು ಅಂಟಿಸಿ ಕಳುಹಿಸಬಹುದಿತ್ತು. ಅದು ಸರ್ವರ್‌ನ ಬಫರ್‌ನಲ್ಲಿ, ಅಂದರೆ ಬಂದ ಮಾಹಿತಿ ಸರದಿ ಕಾಯುವ ಸ್ಮೃತಿಭಾಗದಲ್ಲಿ, ಉಳಿದಿರುತ್ತಿತ್ತು. ಗೂಢಲಿಪಿ ಆರಂಭವಾದ ಮೇಲೆ ಸರ್ವರ್ ಅದನ್ನೂ ಸುರಕ್ಷಿತ ದಾರಿಯಲ್ಲಿ ಬಂದದ್ದೆಂದೇ ಭಾವಿಸುತ್ತಿತ್ತು. ಪ್ರಮಾಣಪತ್ರದಿಂದಲೇ ಬಳಕೆದಾರರನ್ನು ಗುರುತಿಸುವ ವ್ಯವಸ್ಥೆಯಿದ್ದಲ್ಲಿ ಆ ಆಜ್ಞೆ ಜಾರಿಯೂ ಆಗುತ್ತಿತ್ತು.

ಪರಿಹಾರ ಸರಳ: ಬಫರ್ ಖಾಲಿಯಿಲ್ಲದಿದ್ದರೆ ಸಂಪರ್ಕ ಕಡಿಯುವುದು. ಅದೇ ವರ್ಷದ ನವೆಂಬರ್‌ನಲ್ಲಿ ಈ ತಿದ್ದುಪಡಿ ಬಂದಿತು. ನನಗೆ ಹೆಚ್ಚು ಹಿಡಿಸಿದ್ದು ಅದರ ಮೇಲಿರುವ ಟಿಪ್ಪಣಿ. ಇಲ್ಲಿ ಏನಾದರೂ ಉಳಿದಿದ್ದರೆ ಅದು ಗೂಢಲಿಪಿಗೆ ಮುಂಚೆ ಬಂದದ್ದು, ನಡುವೆ ಯಾರೋ ತುರುಕಿರಬಹುದು ಎಂದು ಅದು ಕಾರಣ ಹೇಳುತ್ತದೆ. ‘ಬಫರ್ ಖಾಲಿಯೇ ನೋಡು’ ಎಂದಷ್ಟೇ ಬರೆದಿದ್ದರೆ, ಮುಂದೊಬ್ಬರು ಅನಗತ್ಯವೆಂದು ಆ ಸಾಲುಗಳನ್ನು ಅಳಿಸಿದರೂ ಆಶ್ಚರ್ಯವಿರಲಿಲ್ಲ. (ನಮ್ಮ ಭೌತಶಾಸ್ತ್ರದ ಪ್ರಯೋಗ ಪುಸ್ತಕಗಳಲ್ಲೂ ‘ಕೀಲಿ ತೆರೆದೆ’ ಎಂದಿರುತ್ತದೆ, ಏಕೆ ತೆರೆದೆ ಎಂದಿರುವುದಿಲ್ಲ.)

‘ಎನ್’ ಬಂದಾಗಲೂ ಇದೇ ಎಚ್ಚರ ಬೇಕು. ಅಲ್ಲಿ ‘ಸರ್ವರ್ ನಿರಾಕರಿಸಿತು’ ಎಂಬ ಟಿಪ್ಪಣಿ ಪೂರ್ತಿ ನಿಜವಲ್ಲ. ‘ಎನ್’ ಎಂಬ ಬೈಟು ಬಂದಿತು, ಕಳುಹಿಸಿದವರಾರೋ ತಿಳಿಯದು ಎನ್ನುವುದೇ ಸರಿ. ಪೋಸ್ಟ್‌ಗ್ರೆಸ್‌ನ ಸಂಪರ್ಕ ತಂತ್ರಾಂಶ ತಾನಾಗಿ ಆರಿಸಿಕೊಳ್ಳುವುದು ‘ಪ್ರಿಫರ್’ ಎಂಬ ಆಯ್ಕೆ. ಅದರಲ್ಲಿ ‘ಎನ್’ ಬಂದರೆ ಅಂಕಗಳು ಬಯಲಾಗಿಯೇ ಹೊರಡುತ್ತವೆ. ನಮ್ಮ ಅಧ್ಯಾಪಕರು ‘ವೆರಿಫೈ-ಫುಲ್’ ಆರಿಸಿದರೆ ಸರ್ವರ್‌ನ ಪ್ರಮಾಣಪತ್ರ, ಹೆಸರು ಎರಡೂ ಹೊಂದದ ಹೊರತು ಸಂಪರ್ಕವೇ ಆಗದು. 2024ರ 17ನೇ ಆವೃತ್ತಿಯಿಂದ ಬಯಲು ಪ್ರಶ್ನೋತ್ತರವನ್ನೇ ಬಿಟ್ಟು ನೇರವಾಗಿ ಟಿಎಲ್‌ಎಸ್ ಆರಂಭಿಸುವ ಅವಕಾಶವೂ ಇದೆ.